ಚೀಟಿ ಕಿತ್ತ ಅತ್ತೆ

ಸೊಸೆ ಮನೆಗೆ ಬರುವ ಮೊದಲೇ ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ. ಈ ಭೂಮಂಡಲದಲ್ಲಿ ಇದುವರೆಗೆ ಆಗಿಹೋದ ಅತ್ತೆಯರೆಲ್ಲ ನಾಚಿ ತಲೆ ತಗ್ಗಿಸಬೇಕು, ಅಂಥ ಅತ್ತೆಯಾಗುತ್ತೇನೆ! ಇದನ್ನು ನಮ್ಮನೆಯವರ ಮುಂದೆ ಗಟ್ಟಿಯಾಗಿಯೇ ಘೋಷಿಸಿದೆ. ಅವರು ಗಡಿಯಾರ ರಿಪೇರಿಯಲ್ಲೇ ಕೂದಲು ಹಣ್ಣಾಗಿಸಿಕೊಂಡವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಳೆಯ ಅಲಾರಮ್ಮಿನ ಹೊಟ್ಟೆ ಬಗೆಯುತ್ತ ಕೂತಿದ್ದರು.

"ಒಳ್ಳೇದು. ಎಷ್ಟು ದಿನಕ್ಕೆ?" ಎಂದರು.

ಪ್ರಶ್ನೆಯಲ್ಲಿ ಕುಹಕವಿದ್ದರೂ ಅರ್ಥವಿತ್ತು. ಮಗ ಮೊದಲೇ ಹೇಳಿಬಿಟ್ಟಿದ್ದ: "ಅಮ್ಮಾ, ಒಂದು ವಾರ ಎಲ್ಲರೂ ಒಟ್ಟಿಗಿದ್ದು ನೋಡೋಣ. ಅವಳಿಗೆ ಹೊಂದಿಕೆ ಆಗ್ಲಿಲ್ಲ ಅಂದ್ರೆ, ಅವಳ ಅಂಗಡಿ ಮೇಲ್ಗಡೆ ಎರಡು ಕೋಣೆ ಮನೆ ಖಾಲಿ ಇದೆ."

ಮಗನದು ಕನ್ನಡಕದ ಅಂಗಡಿ. ಅವಳು ಪಕ್ಕದ ಔಷಧಿ ಅಂಗಡಿಯಲ್ಲಿ ಔಷಧಿ ಕೊಡುವವಳು. ಇಲ್ಲದ ತಲೆನೋವಿಗೆ ದಿನಾ ಮಾತ್ರೆ ಕೊಂಡೂ ಕೊಂಡೂ ಕೊನೆಗೆ ಅವಳನ್ನೇ ಮದುವೆಯಾದ. ನಮಗಿರುವವನು ಅವನೊಬ್ಬನೇ. ಬಾಗಿಲಲ್ಲಿ ಅವನ ಚಪ್ಪಲಿ ಇಲ್ಲದ ಮನೆಯನ್ನು ನನಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ಹೇಗಾದರೂ ಮಾಡಿ ಸೊಸೆ ಇಲ್ಲೇ ನಿಲ್ಲಬೇಕು, ಅಷ್ಟೇ.

ಈಗ ನನ್ನ ರೋಗದ ವಿಷಯ. ಮೂವತ್ತೊಂದು ವರ್ಷ ನಾನು ನಟ್ಟು ಬೋಲ್ಟು ಕಾರ್ಖಾನೆಯ ಉಗ್ರಾಣ ನೋಡಿಕೊಂಡವಳು. ಅಲ್ಲಿ ಚೀಟಿ ಇಲ್ಲದ ವಸ್ತು ಅಂದರೆ ಕಳೆದುಹೋದ ವಸ್ತು. ನಿವೃತ್ತಿಯ ದಿನ ಒಂದೇ ಅಳತೆಯ ಅರವತ್ತನಾಲ್ಕು ತಗಡಿನ ಡಬ್ಬಿ ಕೊಟ್ಟು ಕಳಿಸಿದರು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಸಕ್ಕರೆ, ಉಪ್ಪು, ಹಾಲಿನ ಪುಡಿ, ಸೂಜಿದಾರ, ಇರುವೆ ಪುಡಿ ಎಲ್ಲವೂ ಒಂದೇ ಸಮವಸ್ತ್ರದಲ್ಲಿ ಸಾಲಾಗಿ ನಿಂತಿದ್ದವು. ಒಂದೊಂದರ ಎದೆಯ ಮೇಲೂ ನನ್ನ ದುಂಡಕ್ಷರದ ಚೀಟಿ. ಸ್ವಿಚ್ಚುಗಳಿಗೆ ಚೀಟಿ, ಬೀಗದ ಕೈಗಳಿಗೆ ಚೀಟಿ. ನನ್ನ ಚೀಟಿ ಇವತ್ತಿನವರೆಗೆ ಸುಳ್ಳು ಹೇಳಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮನೆಯವರು ಒಮ್ಮೆ ಮಾತ್ರ ಕೊಕ್ಕೆ ಹಾಕಿದ್ದರು. "ನಮ್ಮನೇಲಿ ಒಂದು ಇರುವೇನೂ ಕಂಡಿಲ್ಲ. ನೀನು ಮಾತ್ರ ಇರುವೆ ಪುಡಿ ಡಬ್ಬಿ ತಿಂಗಳಿಗೆರಡು ಸಲ ತುಂಬಿಸ್ತೀಯ. ಯಾಕೆ?"

"ಪುಡಿ ಇದೆ, ಅದಕ್ಕೇ ಇರುವೆ ಇಲ್ಲ," ಎಂದು ಬಾಯಿ ಮುಚ್ಚಿಸಿದ್ದೆ.

ಸೊಸೆ ಬರುವ ಎರಡು ದಿನ ಮೊದಲು ಆ ಡಬ್ಬಿಗಳ ಸಾಲನ್ನು ನೋಡುತ್ತ ನಿಂತಾಗ ನನಗೆ ಜ್ಞಾನೋದಯವಾಯಿತು. ನಾನು ಸೊಸೆಯಾಗಿ ಬಂದಾಗ ನನ್ನ ಅತ್ತೆ ಒಂದು ಚಮಚವನ್ನೂ ಅದರ ಜಾಗದಿಂದ ಅಲುಗಿಸಲು ಬಿಡುತ್ತಿರಲಿಲ್ಲ. ಎರಡು ವರ್ಷ ಆ ಮನೆಯಲ್ಲಿ ನೆಂಟರ ಹಾಗೆ ಗೋಡೆಗೊರಗಿ ನಿಂತಿದ್ದೆ. ಈಗ ಮನೆ ತುಂಬ ನನ್ನದೇ ಅಕ್ಷರ ಕೂತಿದ್ದರೆ ಈ ಹುಡುಗಿಗೆ ಜಾಗವೆಲ್ಲಿ? ಅವಳಿಗೆ ಬೇಕಾದ ಹಾಗೆ ಅವಳು ಜೋಡಿಸಿಕೊಳ್ಳಲಿ. ತಡಮಾಡದೆ ಬಿಸಿನೀರು, ಹಳೇ ಚಾಕು ತೆಗೆದುಕೊಂಡು ಡಬ್ಬಿ, ಸ್ವಿಚ್ಚು, ಬೀಗದ ಕೈ ಎಲ್ಲದರ ಚೀಟಿ ಕೀಳಲು ಕೂತೆ.

"ಏನು ಮಾಡ್ತಿದ್ದೀಯ ಅಂತ ಗೊತ್ತಿದೆ ತಾನೆ?" ಎಂದರು ನಮ್ಮನೆಯವರು.

"ಹನ್ನೆರಡು ಸಾವಿರ ನಮೂನೆ ಬೋಲ್ಟು ನೋಡಿಕೊಂಡವಳು ನಾನು. ಎಲ್ಲಾ ತಲೇಲಿದೆ ರೀ."

"ಹಾಗಾದ್ರೆ ತಲೆ ಎಲ್ಲಿದೆ ಅಂತ ಒಂದು ಚೀಟಿ ಬರೆದಿಡು."

ಡಬ್ಬಿಗಳನ್ನು ಇಳಿಸಿ, ಕಿತ್ತು, ತೊಳೆದು, ಒರೆಸಿ ಮತ್ತೆ ಜೋಡಿಸುವಷ್ಟರಲ್ಲಿ ಸಾಲು ಏರುಪೇರಾಗಿತ್ತು. ಅರವತ್ತನಾಲ್ಕರಲ್ಲಿ ಖಚಿತವಾಗಿ ನನಗೆ ಜಾಗ ಗೊತ್ತಿದ್ದದ್ದು ಒಂದೇ ಡಬ್ಬಿಯದು, ಮೇಲಿನ ಸಾಲಿನ ಕೊನೆಯದು. ಅದರಿಂದ ಬೇರೆ ಯಾರಿಗೂ ಉಪಯೋಗವಿರಲಿಲ್ಲ.

ಸೊಸೆ ಬಂದಳು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬೋಳು ಡಬ್ಬಿಗಳ ಸಾಲನ್ನು ಒಮ್ಮೆ ನೋಡಿದವಳು ಅಲ್ಲಿಂದಲೇ ಹಿಂದಿರುಗಿದಳು.

ಮರುದಿನ ಬೆಳಗ್ಗೆ ನನ್ನ ಕೈಯಾರೆ ಚಹಾ ಮಾಡಿದೆ. ವೈದ್ಯರ ಮಾತಿನಂತೆ ನಾನು ಆರು ವರ್ಷದಿಂದ ಸಿಹಿ ಮುಟ್ಟದವಳು, ನೆರೆಹೊರೆಗೆಲ್ಲ ಗೊತ್ತಿರುವ ವಿಷಯ. ಸಕ್ಕರೆಯನ್ನು ಆಮೇಲೆ ಅವರವರ ಲೋಟಕ್ಕೆ ಹಾಕಿದರಾಯಿತೆಂದು ಬಿಟ್ಟು, ಹಾಲಿನ ಪುಡಿಯನ್ನು ಧಾರಾಳವಾಗಿ ಹಾಕಿ ಕುದಿಸಿದೆ. ಚಹಾ ಗಟ್ಟಿಯಾಯಿತು. ಪುಡಿ ಒಳ್ಳೆಯದಿದೆ ಎಂದುಕೊಂಡೆ. ಇನ್ನೂ ಗಟ್ಟಿಯಾಯಿತು. ಲೋಟಕ್ಕೆ ಬಗ್ಗಿಸಿದರೆ ಬೀಳಲೊಲ್ಲದು.

ನಮ್ಮನೆಯವರು ಅದರಲ್ಲಿ ಚಮಚ ನಿಲ್ಲಿಸಿದರು. ಚಮಚ ನಿಂತೇ ಇತ್ತು.

"ಇದು ಕುಡಿಯೋದಕ್ಕಾ, ಅಂಗಿ ಕಾಲರ್‌ಗೆ ಹಾಕೋದಕ್ಕಾ?"

ಆಗ ನನಗೆ ಹೊಳೆಯಿತು. ಬಟ್ಟೆಗೆ ಹಾಕುವ ಗಂಜಿ ಪುಡಿಯೂ ಬೆಳ್ಳಗೆ, ಹಾಲಿನ ಪುಡಿಯೂ ಬೆಳ್ಳಗೆ. ಸೊಸೆ ಮಾತ್ರ "ಪರವಾಗಿಲ್ಲ ಅತ್ತೆ, ಚೆನ್ನಾಗಿದೆ," ಎಂದು ಅದನ್ನು ಚಮಚದಲ್ಲಿ ತಿಂದು ಮುಗಿಸಿದಳು. ಅತ್ತೆಯ ಮನೆಯಲ್ಲಿ ಮೊದಲ ದಿನವೇ ಗಂಜಿ ಕುಡಿದ ಸೊಸೆ!

ಎರಡನೆಯ ದಿನ ಅವಳು ಸ್ನಾನಕ್ಕೆ ಹೋದಳು. ಬಚ್ಚಲ ಬಾಗಿಲ ಪಕ್ಕದ ಗೋಡೆಯಲ್ಲಿ ಎಂಟು ಸ್ವಿಚ್ಚು. ಯಾವುದೋ ದೀಪ ಸುಮ್ಮನೆ ಉರಿಯುತ್ತಿದೆ ಎಂದು ಒಂದನ್ನು ಆರಿಸಿದೆ.

"ಅತ್ತೆ, ಕತ್ತಲೆ," ಎಂದಿತು ಬಚ್ಚಲಿನೊಳಗಿನ ದನಿ.

ಗಾಬರಿಯಲ್ಲಿ ಸಿಕ್ಕಿದ ಸ್ವಿಚ್ಚುಗಳನ್ನೆಲ್ಲ ಒತ್ತಿದೆ. ದೀಪ ಬಂತು. ಅದರ ಜೊತೆಗೆ ನೀರಿನ ಪಂಪೂ ಶುರುವಾದದ್ದು ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಟೈಲರ್, ತೊಟ್ಟಿಕ್ಕುವ ಕೋಟೊಂದನ್ನು ಹಿಡಿದು ಬಾಗಿಲಿಗೆ ಬಂದರು.

"ಅಮ್ಮಾ, ಆಕಾಶದಲ್ಲಿ ಒಂದು ಮೋಡ ಇಲ್ಲ. ನಮ್ಮ ಕಿಟಕಿಗೆ ಮಾತ್ರ ಜಡಿಮಳೆ. ಏನು ಸಮಾಚಾರ?"

ತಾರಸಿಯ ತೊಟ್ಟಿ ತುಂಬಿ ಹರಿಯುತ್ತಿತ್ತು. ಪಂಪಿನದು ಯಾವ ಸ್ವಿಚ್ಚು? ಮೊದಲನೆಯದು ಒತ್ತಿದರೆ ಪಂಖ ನಿಂತಿತು. ಎರಡನೆಯದಕ್ಕೆ ಫ್ರಿಜ್ಜು ನಿಟ್ಟುಸಿರು ಬಿಟ್ಟಿತು. ನಮ್ಮನೆಯವರು ಸಹನೆ ಕಳೆದುಕೊಂಡು ಎಂಟನ್ನೂ ಒಟ್ಟಿಗೆ ಆರಿಸಿದರು. ನೀರು ನಿಂತಿತು.

"ಅತ್ತೆ, ಮತ್ತೆ ಕತ್ತಲೆ."

ಆ ದಿನ ಅವಳು ಅಂಗಡಿಗೆ ಒಂದು ಗಂಟೆ ತಡ. ಹೋಗುವಾಗ ಕೋಣೆಗೆ ಬೀಗ ಹಾಕಲು ನಾನು ಇಪ್ಪತ್ತೆರಡು ಬೀಗದ ಕೈಗಳನ್ನು ಪ್ರಯೋಗಿಸುತ್ತಿದ್ದದ್ದೂ ಆ ಒಂದು ಗಂಟೆಯಲ್ಲಿ ಸೇರಿತ್ತು.

ಮೂರನೆಯ ದಿನ ಸಂಜೆ, ಮಡಿಸಿದ ಬಟ್ಟೆ ಎತ್ತಿಕೊಂಡು ಅವರ ಕೋಣೆಯ ಮುಂದೆ ಹೋಗುತ್ತಿದ್ದೆ. ಸೊಸೆ ಮೆಲ್ಲಗೆ ಕೇಳುತ್ತಿದ್ದಳು: "ಆ ಮೇಲ್ಗಡೆ ಮನೆ ಇನ್ನೂ ಖಾಲಿ ಇದೆಯಾ?"

ಕದ್ದು ಕೇಳಿಸಿಕೊಂಡವಳೆಂಬ ನಾಚಿಕೆಯನ್ನೂ ಬಿಟ್ಟು ಸೀದಾ ಒಳಗೆ ಹೋದೆ.

"ನೋಡಮ್ಮ, ತಪ್ಪೇನಾಗಿದೆ ಹೇಳಿಬಿಡು. ಗಂಜಿ ವಿಷಯಾನಾ, ಕತ್ತಲೆ ವಿಷಯಾನಾ?"

ಅವಳು ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರಿತ್ತು. "ಅದಲ್ಲ ಅತ್ತೆ. ಮದುವೆಗೆ ಮೊದಲು ಇವರು ನಿಮ್ಮ ಅಡುಗೆಮನೆ ಫೋಟೋ ತೋರಿಸಿದ್ರು. ಎಲ್ಲದಕ್ಕೂ ಚೀಟಿ. ನನಗೆ ಬಾಯಿಬಿಟ್ಟು ಕೇಳೋದಂದ್ರೆ ಸಂಕೋಚ. ಈ ಮನೇಲಿ ಉಪ್ಪೆಲ್ಲಿ, ಸಕ್ಕರೆ ಎಲ್ಲಿ ಅಂತ ಯಾರನ್ನೂ ಕೇಳಬೇಕಾಗಿಲ್ಲ ಅಂತ ಧೈರ್ಯ ಬಂತು. ಬಂದು ನೋಡಿದ್ರೆ ಒಂದು ಚೀಟಿನೂ ಇಲ್ಲ. ನಾನು ಬರ್ತೀನಿ ಅಂತಾನೇ ತೆಗೆದ್ರಂತೆ. ನಾನು ಏನನ್ನೂ ಮುಟ್ಟಬಾರದು ಅಂತ ನಿಮ್ಮ ಮನಸ್ಸಲ್ಲಿದೆ ಅಂದ್ಕೊಂಡೆ."

ನನ್ನ ಅತ್ತೆ ಮೇಲಿಂದ ನೋಡಿ ನಕ್ಕಿರಬೇಕು. ಯಾರ ಹಾಗೆ ಆಗಬಾರದೆಂದು ಎರಡು ದಿನ ಉಗುರು ಸವೆಸಿಕೊಂಡೆನೋ, ಅವರಂತೆಯೇ ಆಗಿ ಕೂತಿದ್ದೆ. ಬಟ್ಟೆಗಳನ್ನು ಅಲ್ಲೇ ಇಟ್ಟು, ಚೀಟಿ ಕಿತ್ತ ಕಥೆಯನ್ನೆಲ್ಲ ಹೇಳಿ, ಅವಳ ಕೈ ಹಿಡಿದುಕೊಂಡು ನಾನೂ ಅತ್ತೆ. ಅವಳು ಅಳುತ್ತಲೇ ನಕ್ಕಳು. ಆ ನಗು ಮೊದಲ ಸಲ ಕಂಡದ್ದು.

"ಆ ಮನೆ ಬೇರೆಯವರಿಗೆ ಕೊಡೋಕೆ ಹೇಳಿಬಿಡಿ," ಎಂದಳು ಮಗನಿಗೆ. ನನ್ನ ಕಡೆ ತಿರುಗಿ, "ಚೀಟಿ ನಾನು ಬರೀಲಾ ಅತ್ತೆ?" ಎಂದಳು.

"ಮನೆ ನಿನ್ನದು, ಬರಿಯಮ್ಮ," ಎಂದು ದೊಡ್ಡದಾಗಿ ಹೇಳಿಬಿಟ್ಟೆ. ಖುಷಿಯಲ್ಲಿ ಮೈಮರೆತವರು ಹೀಗೆಯೇ ಸಿಕ್ಕಿಬೀಳುವುದು.

ಭಾನುವಾರ ಅವಳು ಅಂಟುಚೀಟಿಯ ಸುರುಳಿ ಹಿಡಿದು ಅಡುಗೆಮನೆ ಸೇರಿದಳು. ನಾನು ಕೆಳಗಿಳಿದು ಹೋಗಿ, ಟೈಲರ್ ಹತ್ತಿರ ಕ್ಷಮೆ ಕೇಳಿ, ಕೋಟಿಗೆ ಇಸ್ತ್ರಿ ಹಾಕಿಕೊಟ್ಟು ಬರುವಷ್ಟರಲ್ಲಿ ಅರವತ್ತನಾಲ್ಕು ಡಬ್ಬಿಗಳಿಗೂ ಹೊಸ ಚೀಟಿ ಬಿದ್ದಿತ್ತು.

"ಇಷ್ಟು ಬೇಗ ಹೇಗೆ ಗೊತ್ತಾಯ್ತಮ್ಮ?"

"ಒಂದೊಂದೂ ತೆಗೆದು ನೋಡಿದೆ ಅತ್ತೆ, ಫೋಟೋದಲ್ಲಿದ್ದ ನಿಮ್ಮ ಚೀಟಿಗಳ ಜೊತೆ ತಾಳೆನೂ ಹಾಕಿದೆ. ಒಳಗೇನಿದೆ ಅಂತ ನೋಡದೆ ಚೀಟಿ ಬರೆಯೋ ಅಭ್ಯಾಸ ನಮ್ಮ ಕೆಲಸದಲ್ಲಿಲ್ಲ."

ತಟ್ಟನೆ ತಿರುಗಿ ಮೇಲಿನ ಸಾಲು ನೋಡಿದೆ. ನಮ್ಮನೆಯವರು ಆಗಲೇ ಕುರ್ಚಿ ಹತ್ತಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಆ ಸಾಲಿನ ಕೊನೆಯ ಇರುವೆ ಪುಡಿ ಡಬ್ಬಿಯ ಮುಂದೆ ನಿಂತಿದ್ದರು. ಒಂದೊಂದೇ ಪದ ಬಿಡಿಸಿ ಓದಿದರು:

"ಅತ್ತೆಯ ಕೆನೆ ಬಿಸ್ಕತ್ತು. ದಿನಕ್ಕೆ ಒಂದೇ, ಊಟದ ನಂತರ. ಮಾವನವರ ಕೈಗೆ ಸಿಗದಂತೆ ಇಡಿ."

ಆಮೇಲೆ ನಿಧಾನವಾಗಿ ಕುರ್ಚಿಯಿಂದ ಇಳಿದು ನನ್ನ ಮುಖ ನೋಡಿದರು.

"ನಮ್ಮನೇಲಿ ಇರುವೆ ಯಾಕಿಲ್ಲ ಅಂತ ಈಗ ಗೊತ್ತಾಯ್ತು ಕಣೇ. ಪಾಪ, ಅವುಗಳ ಪಾಲನ್ನೂ ನೀನೇ ತಿಂದಿದ್ದೀಯ."