ನಮ್ಮ ಯಜಮಾನರ ಕಾಲು ಕೆಡಿಸಿದ ರಾಕ್ ಅಂಡ್ ರೋಲ್ ಅವರಿಗೆ

ಮಾನ್ಯ ರಾಕ್ ಅಂಡ್ ರೋಲ್ ಅವರೇ,

ಏಳು ದಶಕಗಳ ಹಿಂದೆಯೇ ಅಮೆರಿಕದ ಹುಡುಗ ಹುಡುಗಿಯರನ್ನು ಕುಣಿಸಿ, ಅವರ ಅಪ್ಪ ಅಮ್ಮಂದಿರಿಂದಲೂ ಪಾದ್ರಿಗಳಿಂದಲೂ ಯಥೇಚ್ಛವಾಗಿ ಬೈಸಿಕೊಂಡು, ಇಷ್ಟು ವಯಸ್ಸಾದರೂ ಸೊಂಟ ನೆಟ್ಟಗೆ ನಿಲ್ಲಿಸಲಾರದ ತಮ್ಮ ಸನ್ನಿಧಾನಕ್ಕೆ ಮಲೇಷ್ಯಾದ ಪೆನಾಂಗ್‌ನ ಬಯಾನ್ ಲೆಪಾಸ್‌ನಿಂದ ಜಯಮಾಲಾ ಎಂಬ ಗೃಹಿಣಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಮರ್ಯಾದೆಗೆ; ಮಂಡಿ ನೋವಿನಿಂದಾಗಿ ಕುಳಿತೇ ಬರೆಯುತ್ತಿದ್ದೇನೆ, ಆ ನೋವೂ ತಮ್ಮದೇ ಕೃಪೆ.

ನಮ್ಮ ಯಜಮಾನರಾದ ಯಜ್ಞನಾರಾಯಣ ಅವರು ಇಲ್ಲಿನ ಚಿಪ್ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗ ನೋಡಿಕೊಳ್ಳುತ್ತಿದ್ದರು. ಹೋದ ವರ್ಷ ಆ ವಿಭಾಗವನ್ನೇ ಒಂದು ಯಂತ್ರಕ್ಕೆ ಒಪ್ಪಿಸಿದ ಕಂಪನಿ, ಇವರ ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿತು. ಅಲ್ಲಿಂದಾಚೆಗೆ ಬಾಲ್ಕನಿಯಲ್ಲಿ ಕುಳಿತು ಇಳಿಯುವ ವಿಮಾನ ನೋಡುವುದೇ ಅವರ ಉದ್ಯೋಗವಾಯಿತು. ಊಟಕ್ಕೆ ಕರೆದರೆ ಹೂಂ, ಸಾರಿಗೆ ಉಪ್ಪೇ ಹಾಕದಿದ್ದರೂ ಹೂಂ. ಒಂದು ದಿನ ನಾನು ಬೇಕೆಂತಲೇ ಉಪ್ಪು ಬಿಟ್ಟಿದ್ದೆ, ಬೈಯಲಿ ಎಂದು. ಬೈಯಲಿಲ್ಲ.

ಆಗ ತಾವು ದಯಮಾಡಿಸಿದಿರಿ. ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ ಐವತ್ತರ ದಶಕದ ಅಮೆರಿಕನ್ ನೃತ್ಯ ಕಲಿಸುತ್ತಾರೆಂದು ಮಗಳು ಅನನ್ಯ ಅಪ್ಪನನ್ನು ಎಳೆದುಕೊಂಡು ಹೋಗಿ ಸೇರಿಸಿದಳು. ತಿಂಗಳೊಳಗೆ ಆ ಮೌನಿ ಮನುಷ್ಯ ಉಳಿದಿರುವ ಕೂದಲಿಗೆ ಕೊಬ್ಬರಿ ಎಣ್ಣೆ ಬಳಿದು ಮುಂದಕ್ಕೆ ಗುಡ್ಡ ಎಬ್ಬಿಸಿಕೊಂಡು, ಲಟ್ಟಣಿಗೆಯನ್ನೇ ಮೈಕ್ ಮಾಡಿಕೊಂಡು, ಫ್ರಿಜ್ ಮುಂದೆ ಹಾಡತೊಡಗಿದರು. ಮೈಸೂರಿನಿಂದ ಅತ್ತೆಯವರು ವಿಡಿಯೊ ಕಾಲ್‌ನಲ್ಲಿರುವಾಗಲೇ ನನ್ನನ್ನು "ಬೇಬಿ" ಎಂದು ಕರೆದರು. "ಯಾವ ಬೇಬೀನೋ?" ಎಂದು ಅತ್ತೆ ಗಾಬರಿಯಾದರು.

ಕುಣಿಯಲು ಜೊತೆ ಬೇಕೆಂದರು, ನಾನು ಒಲ್ಲೆನೆಂದೆ. ಕೆಳಗಿನ ಮಹಡಿಯ ಅಲ್ಬಿನಾ ಬಾಯಿ ಒಪ್ಪಿದರು. ಮಂಗಳೂರಿನ ಮದುವೆಮನೆಗಳಲ್ಲಿ ಜೈವ್ ಕುಣಿದೇ ಬೆಳೆದವರು, ಗಂಡ ತೀರಿಕೊಂಡ ಮೇಲೆ ಬಿಟ್ಟಿದ್ದರಂತೆ. ಇಡೀ ಸಂಸಾರದಲ್ಲಿ ರಸ್ತೆ ದಾಟುವಾಗ ಬಿಟ್ಟರೆ ನನ್ನ ಕೈ ಹಿಡಿಯದ ಪತಿ ಅವರ ಕೈ ಹಿಡಿದು ಬುಗುರಿಯಂತೆ ತಿರುಗಿಸುವುದನ್ನು ಗಾಜಿನ ಬಾಗಿಲಾಚೆ ನಿಂತು ನೋಡಿ ನಾನು ಬಹಳ ಸಂತೋಷಪಟ್ಟೆ. ಆ ಸಂತೋಷದಲ್ಲಿ ಮನೆಯ ಲೋಟಗಳೂ ಕೆಲವು ಒಡೆದವು.

ಹೋದ ಶನಿವಾರ ನೃತ್ಯ ಸ್ಪರ್ಧೆ. ಮೆಟ್ಟಿಲು ಹತ್ತುವಾಗ ಅಲ್ಬಿನಾ ಬಾಯಿಯ ಕಾಲು ಉಳುಕಿತು. ಅಷ್ಟರಲ್ಲಿ ಇವರ ಹೆಸರು ಕೂಗಿಬಿಟ್ಟರು. ಇವರು ಒಬ್ಬರೇ ವೇದಿಕೆಗೆ ನಡೆದು, ಗಾಳಿಯ ಕೈ ಹಿಡಿದು ಕುಣಿಯತೊಡಗಿದರು. ಜನ ನಗಲು ಶುರುಮಾಡಿದರು, ಫೋನ್‌ಗಳು ಮೇಲೆದ್ದವು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ವೇದಿಕೆ ಹತ್ತಿ, "ಮನೆಗೆ ನಡೀರಿ ಸುಮ್ನೆ" ಎಂದು ಅವರ ಕೈ ಹಿಡಿದು ಎಳೆದೆ.

"ಬಂದ್ಯಾ!" ಎಂದು ಅವರು ನನ್ನನ್ನೇ ತಿರುಗಿಸಿಬಿಟ್ಟರು.

"ಬಿಡ್ರೀ, ಎಲ್ರೂ ನೋಡ್ತಿದಾರೆ!"

"ನೋಡ್ಲಿ ಬಿಡೆ. ಕೈ ಮಾತ್ರ ಬಿಡಬೇಡ, ಬಿದ್ರೆ ಇಬ್ರೂ ಬೀಳ್ತೀವಿ."

ನಾನು ಎಳೆದೆ, ಅವರು ತಿರುಗಿಸಿದರು. ನಾನು ತಳ್ಳಿದೆ, ಅವರು ಬಾಗಿದರು. ಹಾಡು ಮುಗಿಯುವ ಹೊತ್ತಿಗೆ ನಾನು ಎಳೆಯುವುದನ್ನು ಯಾವಾಗಲೋ ಬಿಟ್ಟಿದ್ದೆ. ಗಂಡ ಹೆಂಡಿರ ಜಗಳದ ಅಭಿನಯ ಅತ್ಯಂತ ಸಹಜವಾಗಿತ್ತೆಂದು ತೀರ್ಪುಗಾರರು ಮೂರನೇ ಬಹುಮಾನ ಕೊಟ್ಟರು. "ಅಮ್ಮಾ, ಸೂಪರ್ ಲಾ!" ಎಂದು ಅನನ್ಯ ಇಲ್ಲಿನವರ ಧಾಟಿಯಲ್ಲೇ ಕಿರುಚಿದಳು. ಮನೆಗೆ ಬಂದ ಯಜಮಾನರು ಸಾರು ಬಾಯಿಗಿಟ್ಟು, "ಇದೇನೆ ಇದು, ಉಪ್ಪಿನ ಗಣಿ!" ಎಂದು ಬೈದರು. ನಾನು ಒಳಗೆ ಹೋಗಿ ಸ್ವಲ್ಪ ಅತ್ತುಬಿಟ್ಟೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ತಾವು ಕೂಡಲೇ ಅಮೆರಿಕಕ್ಕೆ ಮರಳಬೇಕು. ಅದು ಆಗದಿದ್ದರೆ ಐವತ್ತು ದಾಟಿದವರಿಗೆ ತಾಳವನ್ನು ಅರ್ಧಕ್ಕೆ ಇಳಿಸಿ, ಆರು ಗಜದ ಸೀರೆಗೆ ಒಗ್ಗುವ ಹೆಜ್ಜೆಗಳನ್ನು ಹೊಸದಾಗಿ ರಚಿಸಿ, ಉಚಿತವಾಗಿ ನಾಲ್ಕು ಹೊಸ ಮಂಡಿಗಳನ್ನು ಕಳಿಸಿಕೊಡಬೇಕು.

ಇಂತಿ, ನೆರಿಗೆ ಎತ್ತಿ ಹಿಡಿದೇ ಇರುವ
ತಮ್ಮ ವಿಶ್ವಾಸಿ,
ಜಯಮಾಲಾ ಯಜ್ಞನಾರಾಯಣ

ವಿ.ಸೂ.: ಅಲ್ಬಿನಾ ಬಾಯಿಯ ಕಾಲು ವಾಸಿಯಾಗಿದೆಯಂತೆ, ಜೊತೆಗಾರರನ್ನು ವಾಪಸು ಕೇಳಿದ್ದಾರೆ. ಯಜಮಾನರಿಗೆ ಸದ್ಯಕ್ಕೆ ಬಿಡುವಿಲ್ಲವೆಂದು ನಾನೇ ತಿಳಿಸಿದ್ದೇನೆ. ಆ ಮಹಾತಾಯಿ ತಮಗೆ ದೂರು ಬರೆದರೆ, ದಯವಿಟ್ಟು ಅದು ತಲುಪಲೇ ಇಲ್ಲವೆಂದು ಹೇಳಿಬಿಡಿ.