ಭಾವನಿಗಿಂತ ಒಂದು ರೂಪಾಯಿ ಕಡಿಮೆಗೆ

ಹೊಟ್ಟೆಕಿಚ್ಚು ಪಡಲೇಬೇಕೆಂದು ನಾನು ಯಾವತ್ತೂ ಮನೆಯಿಂದ ಹೊರಟವನಲ್ಲ. ಆದರೆ ಹೊನ್ನಾವರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಕೂತವನಿಗೆ ಅದು ದಿನಾ ಬಾಗಿಲಿಗೇ ಬರುತ್ತದೆ. ಒಂದೊಂದು ದೇಶದ ವೀಸಾಕ್ಕೆ ಒಂದೊಂದು ಅಳತೆಯ ಫೋಟೋ ಬೇಕು. ಊರಿಗೆಲ್ಲ ಗುಟ್ಟು ಮಾಡಿದವರೂ ನನ್ನ ಹತ್ತಿರ ಬಾಯಿ ಬಿಡಲೇಬೇಕು. ಹಾಗಾಗಿ ಯಾರು ಎಲ್ಲಿಗೆ ಹೊರಟರೂ ಮೊದಲು ಗೊತ್ತಾಗುವುದು ನನಗೆ, ಮೊದಲು ಉರಿಯುವುದೂ ನನಗೇ. ನಾನಂತೂ ಗೋವಾದ ಆಚೆ ಕಾಲಿಟ್ಟವನಲ್ಲ.

ಊರವರದ್ದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದೇ ಇದ್ದದ್ದು ಕುಮಟೆಯ ನನ್ನ ಷಡ್ಡಕನನ್ನು. ಹೆಂಡತಿಯ ಅಕ್ಕನ ಗಂಡ; ಟೈಲ್ಸ್ ಅಂಗಡಿ ಇದೆ; ನಾನು ಕರೆಯುವುದು ಭಾವ ಎಂದು. ವರ್ಷಕ್ಕೊಂದು ದೇಶ ನೋಡಿ ಬರುತ್ತಾರೆ. ನೋಡಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಕಡೆ ಒಂದು ರೂಢಿ ಇದೆ. ಮೀನಿನ ಚೀಲ ಹಿಡಿದು ಹೋಗುವವನು ಗುರುತಿನವನೋ ಅಲ್ಲವೋ, ನಿಲ್ಲಿಸಿ, "ಎಂತ ಮೀನು? ಎಷ್ಟಕ್ಕೆ ಆತು?" ಎಂದು ಕೇಳುತ್ತೇವೆ. ಅವನು ನಮಗಿಂತ ಕಡಿಮೆಗೆ ತಂದಿದ್ದಾನೆ ಎಂದು ಗೊತ್ತಾದರೆ ಆ ದಿನದ ಊಟ ರುಚಿಸುವುದಿಲ್ಲ. ವಿಮಾನದ ಟಿಕೆಟ್ಟಿಗೂ ಇದೇ ರೂಢಿ. ಭಾವ ಲಂಡನ್ನಿಂದ ಬಂದವರು ಚಾಕಲೇಟು ಕೊಡುವ ಮೊದಲು ಹೇಳಿದ್ದು, "ಹೋಗೋದು ಬರೋದು ಸೇರಿ ಒಬ್ಬರಿಗೆ ಮೂವತ್ತೆಂಟು ಸಾವಿರಕ್ಕೆ ಆತು."

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಚಾಕಲೇಟು ಬಾಯಲ್ಲಿಟ್ಟುಕೊಂಡೇ ಪ್ರತಿಜ್ಞೆ ಮಾಡಿದಳು. "ನಾವೂ ಲಂಡನ್ನಿಗೆ ಹೋಗುವ. ಆದ್ರೆ ಭಾವನಿಗಿಂತ ಒಂದು ರೂಪಾಯಿ ಆದ್ರೂ ಕಡಿಮೆಗೆ ಸಿಗ್ಬೇಕು. ಹೆಚ್ಚು ಕೊಟ್ಟು ಹೋದ್ರೆ ಅಕ್ಕನ ಎದುರು ತಲೆ ಎತ್ತೂದು ಹ್ಯಾಂಗೆ?"

ಅಲ್ಲಿಂದ ಶುರುವಾಯಿತು ನನ್ನ ಪಾಡು.

ನಗಬಾರದ ಫೋಟೋ

ಆ ವಾರವೇ ಹೊಳೆಯಾಚೆಯ ಕಾಸರಕೋಡಿನ ಬೋಟಿನ ಮಾಲೀಕರೊಬ್ಬರು ಲಂಡನ್ ಅಳತೆಯ ಫೋಟೋಕ್ಕೆ ಬಂದರು. ಮಳೆಗಾಲ, ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ಸುಮ್ಮನೆ ಕೂತು ಎಂತ ಮಾಡುವುದೆಂದು ಗಂಡ ಹೆಂಡತಿ ಹೊರಟಿದ್ದರು.

"ಟಿಕೆಟ್ ಎಷ್ಟಕ್ಕೆ ಆತು?" ಎಂದು ಕೇಳದೆ ಇರಲು ನನ್ನಿಂದಾಗಲಿಲ್ಲ.

"ಮಗಳು ಮಾಡಿದ್ದು ಮಾರಾಯ್ರೆ. ನಂಗೆಂತ ಗೊತ್ತು?" ಎಂದರು.

ಬೆಲೆಯೂ ಗೊತ್ತಿಲ್ಲದೆ ಹೋಗುವವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ಉರಿಯುತ್ತದೆ. ಅದರ ಮೇಲೆ ಅವರ ಮುಖದ ತುಂಬ ನಗು. ವೀಸಾ ಫೋಟೋದಲ್ಲಿ ನಗುವಂತಿಲ್ಲ. "ಬಾಯಿ ಮುಚ್ಚಿ" ಎಂದೆ. ಮುಚ್ಚಿದರು, ಕಣ್ಣು ನಕ್ಕಿತು. "ಬೋಟಿನ ಇಂಜಿನ್ ಕೆಟ್ಟದ್ದು ನೆನಪು ಮಾಡ್ಕೊಳ್ಳಿ" ಎಂದೆ. "ಅದು ರಿಪೇರಿ ಆತು" ಎಂದು ಮತ್ತೆ ನಕ್ಕರು. ಬಲೆ ಹರಿದದ್ದು, ಡೀಸೆಲ್ ದರ, ಎಲ್ಲ ಹೇಳಿದೆ. ಲಂಡನ್ನಿಗೆ ಹೊರಟ ಮನುಷ್ಯನಿಗೆ ಯಾವ ದುಃಖವೂ ತಟ್ಟಲಿಲ್ಲ.

ಕೊನೆಗೆ ಕ್ಯಾಮೆರಾ ಹಿಂದಿನಿಂದ ಮೆಲ್ಲಗೆ ಕೇಳಿದೆ. "ಹದಿನೈದು ದಿನ ಅಲ್ಲಿ ಬಂಗಡೆ ಸಾರು ಸಿಗೂದಿಲ್ಲ. ಗೊತ್ತದ್ಯಲ್ಲ?"

ಮುಖ ಇಳಿದುಹೋಯಿತು. ಕ್ಲಿಕ್ ಮಾಡಿದೆ. ಇಷ್ಟು ವರ್ಷದಲ್ಲಿ ಅಷ್ಟು ಒಳ್ಳೆಯ ವೀಸಾ ಫೋಟೋ ನಾನು ತೆಗೆದಿಲ್ಲ.

ತಿರುಗಿ ನಡೆಯುವ ವಿದ್ಯೆ

ಮೀನು ಪೇಟೆಯಲ್ಲಿ ನನ್ನ ಹೆಂಡತಿಯಂತೆ ಚೌಕಾಶಿ ಮಾಡುವವರು ಇನ್ನೊಬ್ಬರಿಲ್ಲ. ಬುಟ್ಟಿ ನೋಡುತ್ತಾಳೆ, ಒಂದು ಬೆಲೆ ಹೇಳುತ್ತಾಳೆ, ಒಪ್ಪದಿದ್ದರೆ ತಿರುಗಿ ನಡೆದುಬಿಡುತ್ತಾಳೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ "ಬಾ ಅಕ್ಕ, ತಕಾ" ಎಂದು ಕರೆ ಬರುತ್ತದೆ.

ನಾನು ಕಂಪ್ಯೂಟರಿನ ಎದುರು ಲಂಡನ್ ಟಿಕೆಟ್ಟಿನ ದರವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದುದನ್ನು ಕಂಡು ಅವಳಿಗೆ ಸಿಟ್ಟು ಬಂತು.

"ಬಂಗಡೆ ಬುಟ್ಟಿ ಎದುರೂ ನೀವು ಹಿಂಗೇ ಬಾಯಿ ಬಿಟ್ಕೊಂಡು ನಿಲ್ತೀರಿ. ಅದ್ಕೇ ನಿಮಗೆ ಹೆಚ್ಚು ಹೇಳೂದು. ಹೆಸರೆಲ್ಲ ಬರೀರಿ, ತಕೊಂಡೇ ಬಿಡೂ ಹಾಗೆ ಆಸೆ ತೋರ್ಸಿ. ದುಡ್ಡು ಕೊಡೂ ಹೊತ್ತಿಗೆ ಮುಚ್ಚಿ ಎದ್ಬನ್ನಿ. ಕರೀತಾರೆ."

"ಅದು ಕಂಪ್ಯೂಟರ್ ಮಾರಾಯ್ತಿ, ಮೀನಿನವಳಲ್ಲ."

"ಮಾರೂಕೆ ಕೂತವ್ರೆಲ್ಲ ಒಂದೇ. ಏಳಿ."

ಎದ್ದು ಹೋಗಿ ಚಹಾ ಕುಡಿದೆ. ಲೋಟ ಕೆಳಗಿಡುವಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂತು: ಇನ್ನೂ ಮನಸ್ಸು ಮಾಡಿಲ್ಲವೇ? ನಿಮಗಾಗಿ ವಿಶೇಷ ರಿಯಾಯಿತಿ.

"ಕರದ್ರಾ?" ಎಂದಳು ಒಳಗಿನಿಂದ.

"ಕರದ್ರು" ಎಂದೆ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯನ್ನು ಅಷ್ಟು ಗೌರವದಿಂದ ನಾನು ನೋಡಿರಲಿಲ್ಲ.

ಆದರೆ ರಿಯಾಯಿತಿ ಹೋಗಿಯೂ ಭಾವನ ಬೆಲೆಗಿಂತ ಬಹಳ ಮೇಲಿತ್ತು. "ಇನ್ನೊಂದ್ಸಲ ತಿರುಗಿ" ಎಂದು ಅಪ್ಪಣೆಯಾಯಿತು. ತಿರುಗಿದೆವು. ಈ ಸಲ ಯಾರೂ ಕರೆಯಲಿಲ್ಲ. ಸಂಜೆ ನಾವೇ ನಾಚಿಕೆ ಬಿಟ್ಟು ಹೋಗಿ ನೋಡಿದರೆ ದರ ಮೊದಲಿಗಿಂತ ಏರಿ ಕೂತಿತ್ತು.

ಮೀನು ಸಂಜೆಗೆ ಕೆಡುತ್ತದೆ, ಆ ಹೆದರಿಕೆಗೆ ಕರೆಯುತ್ತಾರೆ, ವಿಮಾನ ಕೆಡುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವಳು ಅದಕ್ಕೂ ಒಂದು ದಾರಿ ಕಂಡುಹಿಡಿದಳು.

"ಹಾಗಾದ್ರೆ ಹೊರಡೂ ದಿನವೇ ಹೋಗುವ. ಏಣಿ ತೆಗೆಯೂ ಹೊತ್ತಿಗೆ ಕೇಳುವ. ಖಾಲಿ ಸೀಟು ಇಟ್ಕೊಂಡು ಅವ್ರು ಎಂತ ಮಾಡ್ತಾರೆ?"

ಭಟ್ಕಳದ ಏಜೆಂಟರು

ಭಟ್ಕಳದಲ್ಲಿ ಮನೆಗೊಬ್ಬರಾದರೂ ಗಲ್ಫಿನಲ್ಲಿರುತ್ತಾರೆ. ಟಿಕೆಟ್ಟಿನ ವಿಷಯ ಅಲ್ಲಿಯವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಅಲ್ಲಿ ಒಬ್ಬರು ಹಳೆಯ ಏಜೆಂಟರಿದ್ದಾರೆಂದು ಕೇಳಿ, ಸ್ಟುಡಿಯೋಕ್ಕೆ ಬೀಗ ಹಾಕಿ ಬಸ್ಸು ಹತ್ತಿದೆ.

ಅವರು ನನಗೆ ಚಹಾ ತರಿಸಿ, ಎಲ್ಲಿಗೆ, ಯಾವಾಗ, ಎಷ್ಟು ಜನ ಎಂದೆಲ್ಲ ಕೇಳಿದರು. ಕೊನೆಗೆ "ನಿಮ್ಮ ಅಂದಾಜು ಎಷ್ಟು?" ಎಂದರು. ಮೂವತ್ತೆಂಟರ ಒಳಗೆ ಎಂದೆ.

ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೋಗೋದು ಮಾತ್ರಾನಾ ಭಾಯ್?"

"ಹೋಗೋದು ಬರೋದು ಎರಡೂ. ನನ್ನ ಷಡ್ಡಕ ಹೋಗಿ ಬಂದಿದ್ದಾರೆ."

"ಸೀಟು ಒಳಗೆ ಇತ್ತಾ ಅವರದ್ದು?"

ಆದರೂ ಒಳ್ಳೆಯ ಮನುಷ್ಯ. ಬಹಳ ಹೊತ್ತು ಹುಡುಕಿ ಇದ್ದುದರಲ್ಲಿ ಅಗ್ಗದ್ದೊಂದು ತೆಗೆದು ತೋರಿಸಿದರು. ರೈಲಿನಲ್ಲಿ ಮುಂಬಯಿಗೆ ಹೋಗಬೇಕು. ಅಲ್ಲಿಂದ ಮೂರು ವಿಮಾನ. ನಡುವೆ ಎರಡು ದೇಶಗಳಲ್ಲಿ ಬೆಂಚಿನ ಮೇಲೆ ಕಾಯಬೇಕು. ಪೆಟ್ಟಿಗೆ ಒಯ್ಯುವಂತಿಲ್ಲ, ಊಟ ಕೊಡುವುದಿಲ್ಲ. "ಇದ್ರಲ್ಲಿ ಹೋದ್ರೆ ನಿಮ್ಮ ರಜೆಯಲ್ಲಿ ಲಂಡನ್ ನೋಡ್ಲಿಕ್ಕೆ ಒಂದೂವರೆ ದಿನ ಸಿಗ್ತದೆ" ಎಂದರು. ಇಷ್ಟಾಗಿಯೂ ಅದು ಭಾವನ ಬೆಲೆಗಿಂತ ಹೆಚ್ಚೇ ಇತ್ತು.

ಬುದ್ಧಿ ಇದ್ದವನಾಗಿದ್ದರೆ ಅಲ್ಲಿಯೇ ನನಗೆ ಭಾವನ ಮೇಲೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಏಜೆಂಟರ ಮೇಲೆ. "ನಿಮಗೆ ಗೊತ್ತಿಲ್ಲದ ದಾರಿ ನಮ್ಮ ಭಾವನಿಗೆ ಗೊತ್ತದೆ" ಎಂದು ಎದ್ದೆ.

ಅವರಿಗೆ ಬೇಸರವೇ ಆಗಲಿಲ್ಲ. ಬಾಗಿಲತನಕ ಬಂದು ಹೇಳಿದರು. "ಅವರನ್ನೊಮ್ಮೆ ಇಲ್ಲಿ ಕರ್ಕೊಂಡು ಬನ್ನಿ ಭಾಯ್. ಇನ್ಮೇಲೆ ನಾನೇ ಅವರ ಹತ್ರ ಟಿಕೆಟ್ ತಗೊಳ್ತೇನೆ."

ಬೇರೆಯವರ ಫೋನು

ಮರ್ಯಾದೆ ಬಿಟ್ಟು ಕುಮಟೆಗೆ ಹೋಗಿ ಭಾವನನ್ನೇ ಕೇಳಿದೆ. ಅವರು ಅಂಗಡಿಯ ಟೈಲ್ಸಿನ ರಾಶಿಯ ಹಿಂದೆ ಕರೆದುಕೊಂಡು ಹೋಗಿ ಗುಟ್ಟು ಹೇಳಿದರು. "ಒಂದೇ ಫೋನಲ್ಲಿ ಮತ್ತೆ ಮತ್ತೆ ನೋಡ್ಬಾರ್ದು ತಮ್ಮಾ. ಅವ್ರಿಗೆ ನಿನ್ನ ಆಸೆ ಗೊತ್ತಾಗ್ತದೆ, ದರ ಏರಿಸ್ತಾರೆ. ಬೇರೆ ಬೇರೆ ಫೋನಲ್ಲಿ ನೋಡು."

ನನಗೆ ಫೋನಿನ ಬರವೇ? ಫೋಟೋಕ್ಕೆ ಬಂದವರೆಲ್ಲ ತಲೆ ಬಾಚಲು ಕನ್ನಡಿಯ ಮುಂದೆ ಹೋಗುವಾಗ "ಸ್ವಲ್ಪ ನಿಮ್ಮ ಫೋನು ಕೊಡಿ, ಅರ್ಜೆಂಟು" ಎನ್ನತೊಡಗಿದೆ. ಪಾಸ್‌ಬುಕ್ಕಿಗೆ ಫೋಟೋ ತೆಗೆಸಲು ಬಂದವರ ಫೋನು, ಮದುವೆ ಆಲ್ಬಮ್ ಕೇಳಲು ಬಂದವರ ಫೋನು, ಎಲ್ಲದರಲ್ಲೂ ಲಂಡನ್. ದರ ಎಲ್ಲದರಲ್ಲೂ ಒಂದೇ.

ಕೆಲವು ದಿನಗಳಲ್ಲಿ ಪೇಟೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಹೊನ್ನಾವರದ ಅರ್ಧ ಜನರ ಫೋನಿಗೆ ಲಂಡನ್ನಿನ ಹೋಟೆಲುಗಳ ಜಾಹೀರಾತು. ದಿನಸಿ ಅಂಗಡಿಯವರಿಗೆ, "ನಿಮ್ಮ ಲಂಡನ್ ಪ್ರವಾಸ ಬಾಕಿ ಇದೆ." ಪುರೋಹಿತರಿಗೂ ಅದೇ.

ಒಂದು ಬೆಳಿಗ್ಗೆ ಪಂಚಾಯತಿಯಲ್ಲಿ ಕೆಲಸ ಮಾಡುವವರೊಬ್ಬರು ಕೆಂಪು ಮುಖ ಮಾಡಿಕೊಂಡು ಸ್ಟುಡಿಯೋಕ್ಕೆ ಬಂದರು. "ನಿಮ್ಮ ಕೈಗೆ ಫೋನು ಕೊಟ್ಟದ್ದೇ ತಪ್ಪಾತು. 'ಇಬ್ಬರಿಗೆ ಲಂಡನ್ ಟಿಕೆಟ್' ಅಂತ ಬಂದದ್ದನ್ನು ನನ್ನ ಹೆಂಡತಿ ನೋಡಿದ್ದಾಳೆ. ಆ ಇನ್ನೊಬ್ಬಳು ಯಾರು ಅಂತ ಕೇಳ್ತಿದ್ದಾಳೆ. ಮನೆಗೆ ಬಂದು ನೀವೇ ಹೇಳಿ."

ಹೋದೆ. "ಆ ಇನ್ನೊಬ್ಬಳು ನನ್ನ ಹೆಂಡತಿ" ಎಂದು ಹೇಳಿದೆ. ಹೇಳಿದ ಮೇಲೆ ಗೊತ್ತಾಯಿತು, ಹಾಗೆ ಹೇಳಬಾರದಿತ್ತು.

ಕೊನೆಗೂ ಹೊರಟದ್ದು

ಸೋತು ಸುಣ್ಣವಾಗಿ, ಭಾವ ಹೇಳಿದ ಬೆಲೆಯ ಹತ್ತಿರ ಹತ್ತಿರ ದುಪ್ಪಟ್ಟು ಕೊಟ್ಟು ಎರಡು ಟಿಕೆಟ್ ಮಾಡಿಸಿದೆ. ಹೊಸ ಕ್ಯಾಮೆರಾಕ್ಕೆಂದು ಕೂಡಿಟ್ಟದ್ದರಲ್ಲಿ ಮುಕ್ಕಾಲು ಪಾಲು ಹೋಯಿತು. ಇನ್ನು ಹೆಂಡತಿಯ ಬೈಗುಳವೊಂದು ಬಾಕಿ ಎಂದುಕೊಂಡೆ. ಅಷ್ಟರಲ್ಲಿ ಅವಳು ಅಕ್ಕನಿಗೆ ಫೋನು ಹಚ್ಚಿದಳು.

"ನಮ್ಮದೂ ಆತು ಅಕ್ಕ. ಮೂವತ್ತಾರಕ್ಕೆ ಸಿಕ್ತು."

ನಾನು ಕುರ್ಚಿಯಿಂದ ಅರ್ಧ ಎದ್ದೆ. ಕೈಯಿಂದಲೇ ಕೂರಿಸಿದಳು. ಆಚೆಯಿಂದ ಸದ್ದಿಲ್ಲ. ಆ ಮೌನ ಕೇಳಿ ನನಗೆ ಆದ ಸಂತೋಷವನ್ನು ಸುಳ್ಳು ಹೇಳದೆ ಹೇಳುತ್ತೇನೆ: ಲಂಡನ್ನಿನಲ್ಲಿಯೂ ಮುಂದೆ ಅಷ್ಟು ಸಂತೋಷ ಸಿಗಲಿಲ್ಲ.

ಸ್ವಲ್ಪ ಹೊತ್ತಿಗೆ ಭಾವನೇ ನನಗೆ ಫೋನು ಮಾಡಿದರು. "ತಮ್ಮಾ, ನಮಗೂ ಎರಡು ಮಾಡ್ಸು. ಅದೇ ದಿನ, ಅದೇ ವಿಮಾನ. ಇಬ್ಬರದ್ದೂ ಮೂವತ್ತಾರರ ಹಾಗೆ ಈಗ್ಲೇ ನಿನ್ನ ಖಾತೆಗೆ ಹಾಕಿದ್ದೆ."

"ಭಾವ, ನೀವು ಲಂಡನ್ ನೋಡಿ ಬಂದವರಲ್ಲ?"

"ನೋಡಿಯಾತು. ಆದ್ರೆ ಇಷ್ಟು ಕಡಿಮೆಗೆ ಸಿಗೂದನ್ನ ಬಿಡೂಕೆ ಆಗ್ತದಾ?"

ಫೋನಿಟ್ಟು ಹೆಂಡತಿಯ ಮುಖ ನೋಡಿದೆ. "ನಿಜ ಹೇಳಿಬಿಡುವ" ಎಂದೆ.

"ನಿಜ ಹೇಳಿದ್ರೆ ನಾನು ತವರುಮನೆಗೆ ಕಾಲಿಡೂದು ಹ್ಯಾಂಗೆ?" ಎಂದಳು. "ಕ್ಯಾಮೆರಾ ದುಡ್ಡಲ್ಲಿ ಇನ್ನೂ ಸ್ವಲ್ಪ ಅದ್ಯಲ್ಲ, ಅದನ್ನ ಹಾಕಿ. ಸಾಲದ್ದಕ್ಕೆ ನನ್ನ ಬಳೆ ಅದೆ."

ಬಳೆ ಅಡವಿಟ್ಟು ಭಾವನ ಟಿಕೆಟ್ ಮಾಡಿಸಿದೆ.

ಗೋವಾದಿಂದ ಹೊರಟೆವು. ಒಂದೇ ಸಾಲಿನಲ್ಲಿ ನಾಲ್ಕೂ ಜನ. ಭಾವ ಊಟ ಮುಗಿಸಿ ಗೊರಕೆ ಹೊಡೆಯತೊಡಗಿದ ಮೇಲೆ ಹೆಂಡತಿಯ ಅಕ್ಕ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. "ನಿಮಗೆ ಪುಣ್ಯ ಬರ್ಲಿ. ಇವ್ರು ಹೋದ್ಸಲ ಕೊಟ್ಟದ್ದು ಒಬ್ಬರಿಗೆ ಎಪ್ಪತ್ತೈದು. ಊರಿಗೆಲ್ಲ ಅರ್ಧ ಹೇಳೂದು ಇವ್ರ ಚಟ. ಇಷ್ಟು ವರ್ಷದಲ್ಲಿ ನಿಜವಾಗಿ ಕಡಿಮೆಗೆ ಸಿಕ್ಕಿದ್ದು ಈ ಸಲವೇ, ಅದೂ ನಿಮ್ಮಿಂದ."

ನಾನು ಭಾವನ ಮುಖ ನೋಡಿದೆ. ಇಷ್ಟು ವರ್ಷ ನಾನು ಉರಿದದ್ದೆಲ್ಲ ಸುಳ್ಳಿಗೆ! ಈಗಲಾದರೂ ಹೊಟ್ಟೆ ತಣ್ಣಗಾಗಬೇಕಿತ್ತು. ಆದರೆ ಲೆಕ್ಕ ನೆನಪಾಯಿತು. ಒಂದೇ ವಿಮಾನ, ಒಂದೇ ಸಾಲು, ಒಂದೇ ಊಟ. ನನ್ನ ಟಿಕೆಟ್ಟಿಗೆ ದುಪ್ಪಟ್ಟು, ಅವರದ್ದಕ್ಕೆ ಮೂವತ್ತಾರು. ಈ ಸಲವೂ ಭಾವನೇ ನನಗಿಂತ ಕಡಿಮೆಗೆ ಹೊರಟಿದ್ದರು. ಅದೂ ಕಿಟಕಿ ಸೀಟಿನಲ್ಲಿ.