ಕೆರೆಗೆ ಬಂದ ಕಡಲಹಕ್ಕಿ, ಮನೆಗೆ ಬಂದ ಬೀಗರು

"ಅದು ಕಡಲಹಕ್ಕೀನೇ ಸ್ವಾಮಿ! ನಿಮ್ಮ ಕಣ್ಣಿಗೇನಾಗಿದೆ?"

"ನನ್ನ ಕಣ್ಣು ಚೆನ್ನಾಗೇ ಇದೆ. ಅದು ರೀವ. ಬಾಲ ನೋಡಿ, ಕತ್ತರಿ ಹಾಗೆ ಸೀಳಿದೆ."

ಹೀಗೆಂದ ಬೇಕರಿಯವರು ಮನಸ್ಸಿಲ್ಲದ ಮನಸ್ಸಿನಿಂದ ತಮ್ಮ ದುರ್ಬೀನನ್ನು ಪೋಸ್ಟ್‌ಮಾಸ್ಟರರ ಕೈಗಿತ್ತರು. ಮಗಳು ಮೆಚ್ಚಿದ ಹುಡುಗನ ತಂದೆ. ಹೆಂಡತಿ, ಮಗನೊಂದಿಗೆ ಮೊದಲ ಸಲ ಮನೆಗೆ ಬಂದವರು. "ಇವತ್ತೊಂದು ದಿನ ನಿಮ್ಮ ಹಕ್ಕಿ ಪುರಾಣ ಬಿಚ್ಚಬೇಡಿ" ಎಂದು ಹೆಂಡತಿ ಬೆಳಗಿನಿಂದ ಬಡಿದುಕೊಂಡಿದ್ದಳು. ಬೀಗರಾಗುವವರಿಗೂ ಅದೇ ಹುಚ್ಚೆಂದು ಯಾರಿಗೆ ಗೊತ್ತಿತ್ತು? ಇಬ್ಬರೂ ಮಹಡಿ ಹತ್ತಿಬಿಟ್ಟಿದ್ದರು. ಸಮುದ್ರದ ವಾಸನೆಯೂ ತಾಗದ ಜಿಲ್ಲೆ ಅದು. ಕಡಲಹಕ್ಕಿ, ರೀವ ಎರಡೂ ದಾಯಾದಿಗಳೇ, ಒಂದು ಕಸ ಕೆದಕಿ ಕಿತ್ತು ತಿನ್ನುವುದು, ಇನ್ನೊಂದು ನೀರಿಗೆ ಧುಮುಕಿ ಮೀನು ಹಿಡಿಯುವುದು; ದಾರಿ ತಪ್ಪಿಯೂ ಈ ಕಡೆ ಬಂದವಲ್ಲ. ಇವತ್ತು ಮಾತ್ರ ಮನೆ ಹಿಂದಿನ ಕೆರೆಯ ಕಂಬದ ಮೇಲೆ ಬಿಳಿ ಹಕ್ಕಿಯೊಂದು ಯಾರಪ್ಪನ ಹಂಗೂ ಇಲ್ಲದಂತೆ ಕೂತಿತ್ತು.

ಪೋಸ್ಟ್‌ಮಾಸ್ಟರ್: ರೀವ ಅಂದ್ರೆ ಸಣಕಲು. ಇದರ ಹೊಟ್ಟೆ ನೋಡಿ, ಊಟ ಮುಗಿಸಿದ ಗುಮಾಸ್ತನ ಹಾಗಿದೆ.

ಬೇಕರಿಯವರು: ಗಾಳಿಗೆ ಪುಕ್ಕ ಉಬ್ಬಿಸಿದೆ ಅಷ್ಟೆ. ಕೊಕ್ಕು ನೋಡಿ, ಸೂಜಿ!

ಪೋಸ್ಟ್‌ಮಾಸ್ಟರ್: ಏನು ನೋಡ್ಲಿ? ಗಾಜಿನ ತುಂಬ ಮೈದಾ!

ಮಾತು ಮೈದಾಕ್ಕೇ ಬಂದ ಮೇಲೆ ಬೇಕರಿಯವರು ಹಿಂದೆ ಮುಂದೆ ನೋಡಲಿಲ್ಲ.

"ನಿಮ್ಮದು ಕಸದ ಗುಡ್ಡೆ ಹುಡುಕೋ ಜಾತಿ! ಕಂಡೋರ ಬಾಯಿಂದ ಕಿತ್ಕೊಂಡು ತಿನ್ನೋದೇ ಕಸುಬು. ನಮ್ಮದು ಸ್ವಂತ ದುಡಿದು ತಿನ್ನೋ ವಂಶ!"

ಅದೇ ಹೊತ್ತಿಗೆ ಇಬ್ಬರ ಹೆಂಡತಿಯರೂ ಕಾಫಿ ಹಿಡಿದು ಮೆಟ್ಟಿಲೇರಿ ಬಂದಿದ್ದರು.

ಪೋಸ್ಟ್‌ಮಾಸ್ಟರರ ಹೆಂಡತಿ: ಏನಂದ್ರಿ? ನನ್ನ ಮಗ ಕಿತ್ಕೊಂಡು ತಿನ್ನೋನಾ?

ಬೇಕರಿಯವರು: ಅಯ್ಯೋ, ಮಗ ಅಲ್ಲಮ್ಮ, ಹಕ್ಕಿ!

ಪೋಸ್ಟ್‌ಮಾಸ್ಟರರ ಹೆಂಡತಿ: ಓಹೋ, ಹಕ್ಕಿ ಅಂತ ಅಡ್ಡಹೆಸರು ಬೇರೆ! ರೀ, ಕೇಳಿಸ್ಕೊಂಡ್ರಾ?

ಪೋಸ್ಟ್‌ಮಾಸ್ಟರ್ (ದುರ್ಬೀನಿನಿಂದ ಕಣ್ಣು ತೆಗೆಯದೆ): ಕೇಳಿಸ್ತು ಕಣೆ. ಇವರದ್ದೇನು ಕಮ್ಮೀನಾ? ನಿಂತ ಕಡೆ ನಿಲ್ಲೋದಿಲ್ಲ, ದೊಪ್ಪಂತ ತಲೆಕೆಳಗಾಗಿ ನೀರಿಗೆ ಬೀಳೋದು!

ಬೇಕರಿಯವರ ಹೆಂಡತಿ: ನನ್ನ ಮಗಳು ಯಾವಾಗ್ರೀ ನೀರಿಗೆ ಬಿದ್ಲು?

ಪೋಸ್ಟ್‌ಮಾಸ್ಟರರ ಹೆಂಡತಿ ಲೋಟ ಕುಕ್ಕಿದರು. "ನಡೀರಿ, ಹೋಗೋಣ. ಈ ಸಂಬಂಧ ಬೇಡ."

ಬೇಕರಿಯವರು ಮೆಟ್ಟಿಲಿಗೆ ಅಡ್ಡ ನಿಂತರು. ಕೆಳಗೆ ಅಡುಗೆಮನೆಯಲ್ಲಿ ಮಗಳೂ ಆ ಹುಡುಗನೂ ಏನಕ್ಕೋ ಬಿದ್ದುಬಿದ್ದು ನಗುತ್ತಿದ್ದರು. ಆ ನಗು ಕೇಳಿದ ಮೇಲೆ ಹಕ್ಕಿ ಯಾವುದಾದರೇನು?

"ಸ್ವಾಮಿ, ನಿಲ್ಲಿ. ತಪ್ಪು ನನ್ನದೇ. ಅದು ಕಡಲಹಕ್ಕಿ." ಮಾತು ಒಣ ರಸ್ಕಿನಂತೆ ಗಂಟಲು ಗೀರಿಕೊಂಡು ಹೊರಬಂತು.

ಪೋಸ್ಟ್‌ಮಾಸ್ಟರರ ಮುಖ ಮೆತ್ತಗಾಯಿತು. "ಛೆ, ಛೆ, ದೊಡ್ಡ ಮಾತು! ಈಗ ನೋಡಿದ್ರೆ ಬಾಲ ಸೀಳೇ ಇದೆ. ರೀವಾನೇ."

"ಇಲ್ಲ ಇಲ್ಲ. ಹೊಟ್ಟೆ ದಪ್ಪ, ಕಡಲಹಕ್ಕಿ."

"ಪುಕ್ಕ ಉಬ್ಬಿಸಿದೆ ಅಂತ ನೀವೇ ಅಂದ್ರಲ್ಲ! ರೀವ ಅಂದ್ರೆ ರೀವ!"

"ನಾನು ಸೋತೆ ಅಂದ್ಮೇಲೆ ಸುಮ್ನೆ ಗೆಲ್ಲೋಕೇನ್ರೀ ನಿಮಗೆ ರೋಗ?"

"ನಿಮ್ಮ ಮನೆ ಕಾಫಿ ಕುಡಿದು ನಾನ್ಯಾಕ್ರೀ ಗೆಲ್ಲಲಿ?"

ಕಂಬ ಆಗಲೇ ಖಾಲಿಯಾಗಿತ್ತು. ಇಬ್ಬರಿಗೂ ಅದರ ಪರಿವೆಯಿಲ್ಲ. ಪೋಸ್ಟ್‌ಮಾಸ್ಟರರ ಹೆಂಡತಿ ನಿಟ್ಟುಸಿರು ಬಿಟ್ಟು, ಬೇಕರಿಯವರ ಹೆಂಡತಿಯ ಪಕ್ಕದಲ್ಲಿ ಕುಳಿತು ಮತ್ತೆ ಲೋಟ ಎತ್ತಿಕೊಂಡರು.

"ಮಕ್ಕಳ ಮದುವೆ ಬೇಗ ಮಾಡಿಬಿಡೋಣ ಕಣ್ರೀ."

"ಹೌದು ಮತ್ತೆ. ಈ ಗಂಡಸರಿಬ್ಬರಿಗೆ ಆಗಲೇ ಮದುವೆಯಾಗಿ ಮೂವತ್ತು ವರ್ಷ ಆದ ಹಾಗಿದೆ!"